ಊರಿಗೆ ಮರಳಿದಾಗ ಹೆತ್ತವರ ತಪ್ಪು ಕಂಡರೆ: ಮಲೆನಾಡಿನ ಮನೆಗಳಿಗೊಂದು ಕೈಪಿಡಿ

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯಿಂದ ಪಿಯುಸಿ ಮುಗಿಸಿ ಹೊರಟವರು ನಲವತ್ತರ ಆಸುಪಾಸಿನಲ್ಲಿ ಮತ್ತೆ ಊರಲ್ಲಿ ತಿಂಗಳುಗಟ್ಟಲೆ ಇರಲು ಬರುತ್ತಿದ್ದಾರೆ. ಕೆಲವರು ತೋಟ ನೋಡಿಕೊಳ್ಳಲು ಬರುತ್ತಾರೆ, ಕೆಲವರು ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡಲು, ಇನ್ನು ಕೆಲವರು ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿದ ಮೇಲೆ ಬೇರೆ ದಾರಿ ಇಲ್ಲದೆ. ಬಂದು ಎಂಟು-ಹತ್ತು ದಿನವಾಗುವಷ್ಟರಲ್ಲಿ ಒಂದೊಂದೇ ಕಾಣಿಸತೊಡಗುತ್ತದೆ. ಅಪ್ಪ ಅಮ್ಮನ ಮಾತನ್ನು ಅರ್ಧಕ್ಕೇ ತುಂಡು ಮಾಡುವುದು, ಅಡಿಕೆ ವ್ಯಾಪಾರದ ಮಂಡಿಯಲ್ಲಿ ಏರಿ ಕೂತ ಸಾಲ, ಅಡಿಕೆ ಕೊನೆ ಕೊಯ್ಯಲು ಬಂದವರಿಗೆ ಬೇರೆ ಲೋಟ, ತಂಗಿಯ ವಿಚಾರ ಬಂದಾಗಲೆಲ್ಲ ಮಾತು ಬದಲಾಗುವುದು. ಇವೆಲ್ಲ ಮೊದಲೂ ಇದ್ದವೇ. ರಜೆಯಲ್ಲಿ ಬಂದು ಕಜ್ಜಾಯ ತಿಂದು ಹೋಗುವವರಿಗೆ ಕಾಣುವಂಥವಲ್ಲ, ಅಷ್ಟೆ.

ಕಂಡದ್ದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿದರೆ ಏನೂ ಸರಿಹೋಗುವುದಿಲ್ಲ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ. ಇದು ಹೊಸದೋ ಹಳೆಯದೋ? ಇದರಿಂದ ಇವತ್ತು, ಈ ಮನೆಯಲ್ಲಿ, ಯಾರಿಗಾದರೂ ಪೆಟ್ಟು ಬೀಳುತ್ತಿದೆಯೋ? ಇದರಿಂದ ನನಗೆ ಲಾಭವಾಗಿದೆಯೋ? ಮೊದಲನೆಯದು ವೈದ್ಯರ ಕಡೆಗೆ ದಾರಿ ತೋರಿಸುತ್ತದೆ, ಎರಡನೆಯದು ಯಾವುದನ್ನು ಮೊದಲು ಹಿಡಿಯಬೇಕೆಂದು ಹೇಳುತ್ತದೆ. ಮೂರನೆಯದನ್ನು ಕೇಳಿಕೊಳ್ಳುವವರು ಬಹಳ ಕಡಿಮೆ. ಈ ಬರಹದಲ್ಲಿ ನಾವು ಒತ್ತಿ ಹೇಳಬೇಕೆಂದಿರುವುದು ಅದನ್ನೇ.

ಯಾವಾಗ ಹೋಗಬೇಕು

ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿ ಭಾನುವಾರ ರಾತ್ರಿ ಮರಳುವ ಭೇಟಿಯಲ್ಲಿ ಯಾವ ಗಂಭೀರ ಮಾತನ್ನೂ ಎತ್ತಬೇಡಿ. ಮಾತು ಕೆಟ್ಟರೆ ಸರಿಮಾಡಲು ಮರುದಿನ ಬೇಕು, ಅದಕ್ಕೆ ನೀವು ಇರುವುದಿಲ್ಲ. ದೀಪಾವಳಿ, ಭೂಮಿ ಹುಣ್ಣಿಮೆ, ಊರ ಜಾತ್ರೆ, ಮದುವೆ ಮನೆ ಇವೂ ಬೇಡ. ನೆಂಟರ ಮುಂದೆ ಅಪ್ಪಂದಿರು ಬೇರೆಯೇ ಮನುಷ್ಯರಾಗಿರುತ್ತಾರೆ.

ತೋಟದ ಕೆಲಸದ ಲೆಕ್ಕವನ್ನೂ ನೋಡಿ. ಮೇ ಕೊನೆ, ಜೂನ್ ಮೊದಲಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ. ಮಳೆ ಹಿಡಿಯುವ ಮೊದಲು ಮುಗಿಯದಿದ್ದರೆ ವರ್ಷದ ಫಸಲೇ ಹೋಗುತ್ತದೆಂಬ ಭಯದಲ್ಲಿರುವವರ ಜತೆ ಸಂಸಾರದ ಮಾತು ಆಡಿ ಪ್ರಯೋಜನವಿಲ್ಲ. ನವೆಂಬರಿನಿಂದ ಜನವರಿ ತನಕ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಜನ ಸಿಗದ ಸಿಟ್ಟೆಲ್ಲ ಮನೆಯವರ ಮೇಲೆ ತಿರುಗುವ ಕಾಲ ಅದು. ಆದರೆ ನೋಡಲು ಒಳ್ಳೆಯ ಕಾಲವೂ ಅದೇ, ಯಾರು ಯಾರೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆಂಬುದು ಒತ್ತಡದಲ್ಲೇ ತಿಳಿಯುವುದು. ಮಾತಿಗೆ ಫೆಬ್ರುವರಿ-ಮಾರ್ಚ್ ಒಳ್ಳೆಯದು. ಅಡಿಕೆ ಕೈಗೆ ಬಂದಿರುತ್ತದೆ, ಲೆಕ್ಕದ ಚೀಟಿಗಳೂ ಹೊರಗಿರುತ್ತವೆ. ಆಮೇಲೆ ಜುಲೈಯಲ್ಲಿ ಒಂದು ವಾರ ಇರಿ. ಕರೆಂಟಿಲ್ಲದ, ಯಾರೂ ಬರದ, ಹೆಂಚಿನ ಮೇಲೆ ಮಳೆಯ ಸದ್ದು ನಿಲ್ಲದ ದಿನಗಳಲ್ಲಿ ಅಪ್ಪ-ಅಮ್ಮ ಒಬ್ಬರಿಗೊಬ್ಬರು ಹೇಗಿರುತ್ತಾರೆಂದು ಬೇಸಿಗೆಯಲ್ಲಿ ಬಂದವರಿಗೆ ಗೊತ್ತಾಗುವುದಿಲ್ಲ.

ಮೊದಲ ವಾರ ಬಾಯಿ ಮುಚ್ಚಿ ನೋಡಿ

ಬಂದ ಮೊದಲ ವಾರ ಯಾವುದನ್ನೂ ತಿದ್ದಬೇಡಿ. ತೋಟದ ಕೆಲಸವನ್ನಂತೂ ಮುಟ್ಟಬೇಡಿ. ಹೊರಗಿಂದ ಬಂದವರು ಮೊದಲು ಎಡವುವುದೇ ಅಲ್ಲಿ. ಒಂದು ಉದಾಹರಣೆ: ಬೋರ್ಡೋ ದ್ರಾವಣ ಕಲಸುವಾಗ 1 ಕೆಜಿ ಮೈಲುತುತ್ತವನ್ನು ಒಂದು ಕಡೆ, 1 ಕೆಜಿ ಸುಣ್ಣವನ್ನು ಇನ್ನೊಂದು ಕಡೆ ಕರಗಿಸಿ, ಒಟ್ಟು 100 ಲೀಟರ್ ಆಗುವಂತೆ ಸೇರಿಸುತ್ತಾರೆ. ಆಮೇಲೆ ಅಪ್ಪ ಕತ್ತಿಯ ತುದಿಯನ್ನು ಡ್ರಮ್ಮಿಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಬಿಸಿಲಿಗೆ ಹಿಡಿದು ನೋಡಿ, ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕಿಸುತ್ತಾರೆ. ಪೇಟೆಯಿಂದ ಬಂದ ಮಗನಿಗೆ ಇದು ಕೈಯಂದಾಜಿನ ಹಳೇ ಕ್ರಮವಾಗಿ ಕಾಣುತ್ತದೆ. ಅದು ಸರಿಯಾದ ಪರೀಕ್ಷೆ. ಸುಣ್ಣ ಸಾಲದಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೆಂಪಾಗಿ ಕೂರುತ್ತದೆ, ಹಾಗೇ ಹೊಡೆದರೆ ಎಳೆ ಕಾಯಿ, ಹಿಂಗಾರ ಸುಡುತ್ತದೆ. ಇಂಥ ಕಡೆ ತಪ್ಪು ಹುಡುಕಿ ಸೋತವರ ಮಾತನ್ನು ಮುಂದೆ ಸಾಲದ ವಿಷಯದಲ್ಲೂ ಅಪ್ಪ ಕೇಳುವುದಿಲ್ಲ.

ನೋಡಬೇಕಾದದ್ದು ಬೇರೆ. ಅಮ್ಮ ಎಷ್ಟು ಹೊತ್ತಿಗೆ ಊಟ ಮಾಡುತ್ತಾಳೆ, ಏನು ಉಳಿದಿರುತ್ತದೆ. ಅವಳ ಫೋನನ್ನು ಯಾರು ಎತ್ತುತ್ತಾರೆ. ಪೇಟೆಗೆ ಹೋಗಲು ಬಸ್ ಚಾರ್ಜಿಗೆ ಕೇಳಬೇಕೋ, ಅವಳ ಕೈಯಲ್ಲೇ ಹಣ ಇರುತ್ತದೋ. ಅಪ್ಪ ಬಂದ ಸದ್ದಾದಾಗ ಮಾತು ನಿಲ್ಲುತ್ತದೋ. ಮಾತ್ರೆಗಳು ಎಲ್ಲಿವೆ, ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿವೆ. ಜಗಲಿಯ ಮೇಲೆ ಯಾರು ಕೂರುತ್ತಾರೆ, ಯಾರು ಅಂಗಳದಲ್ಲೇ ನಿಂತಿರುತ್ತಾರೆ. ರಾತ್ರಿ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ನಾಲ್ಕು ಸಾಲು ಬರೆದಿಡಿ, ಕಂಡದ್ದು ಮಾತ್ರ. ‘ಅಪ್ಪ ದುಷ್ಟ’ ಎಂದು ಬರೆಯಬೇಡಿ. ‘ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿದರು, ಅಮ್ಮ ಆಮೇಲೆ ಉಣ್ಣಲಿಲ್ಲ’ ಎಂದು ಬರೆಯಿರಿ. ವೈದ್ಯರಿಗೂ ವಕೀಲರಿಗೂ ಬೇಕಾಗುವುದು ಈ ಎರಡನೇ ಬಗೆಯ ಸಾಲು.

ವಯಸ್ಸೋ, ಕಾಯಿಲೆಯೋ, ಸ್ವಭಾವವೋ

ನಾಲ್ಕೈದು ದಿನದಲ್ಲಿ ಒಮ್ಮೆಲೇ ಬದಲಾದದ್ದು ಕಾಯಿಲೆ ಎಂದೇ ತಿಳಿಯಿರಿ, ಅದೇ ದಿನ ಆಸ್ಪತ್ರೆಗೆ ಹೊರಡಿ. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಬಿದ್ದು ತಲೆಗೆ ಪೆಟ್ಟಾಗಿರುವುದು ವಯಸ್ಸಾದವರಲ್ಲಿ ಗೊಂದಲ, ರೇಗಾಟ, ಜನರ ಗುರುತು ತಪ್ಪುವುದಾಗಿ ಕಾಣಿಸಿಕೊಳ್ಳುತ್ತವೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಾ, ಉಪ್ಪನ್ನೂ ಪೂರ್ತಿ ಬಿಟ್ಟು, ವಾಂತಿ-ಭೇದಿಯೂ ಆದರೆ ಸೋಡಿಯಂ ಬೇಗ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರು ಊಟಕ್ಕೆ ಮೊದಲು ಬೆವರುತ್ತಾ, ನಡುಗುತ್ತಾ ಕಾರಣವಿಲ್ಲದೆ ಸಿಡುಕಿದರೆ ಮೊದಲು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಅದು ಸಿಟ್ಟಲ್ಲ. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ವರ್ಷದಲ್ಲಿ ನಿಧಾನಕ್ಕೆ ಬಂದದ್ದಕ್ಕೆ ಪರೀಕ್ಷೆ ಬೇಕು: ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಕಣ್ಣು, ಕಿವಿ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ಅಂಗಾಲು ಜೋಮು ಹಿಡಿಯುವುದು, ಮರೆವು, ಮಂಕು, ಸಿಡುಕು ಒಟ್ಟೊಟ್ಟಿಗೆ ಬರುತ್ತವೆ. ಕಿವಿಗೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಅವರ ಹಿಂದೆ ಒಂದು ತೋಳಳತೆ ದೂರದಲ್ಲಿ ನಿಂತು, ಒಂದು ಕಿವಿ ಮುಚ್ಚಿಕೊಳ್ಳಲು ಹೇಳಿ, ಮೂರು ಅಂಕೆಗಳನ್ನು ಪಿಸುಮಾತಿನಲ್ಲಿ ಹೇಳಿ. ಬೇರೆ ಅಂಕೆಗಳಿಂದ ಇನ್ನೊಮ್ಮೆ ನೋಡಿ, ಎರಡು ಸಲವೂ ಅರ್ಧಕ್ಕಿಂತ ಹೆಚ್ಚು ತಪ್ಪಿದರೆ ಕಿವಿ ತೋರಿಸಬೇಕು. ‘ಹೇಳಿದ್ದು ಕೇಳುವುದೇ ಇಲ್ಲ’ ಎಂಬ ದೂರು ಎಷ್ಟೋ ಮನೆಗಳಲ್ಲಿ ಅಕ್ಷರಶಃ ನಿಜ. ಕವಳ (ಎಲೆ-ಅಡಿಕೆ) ಹಾಕುವವರಾದರೆ ಬಾಯನ್ನೂ ನೋಡಿ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಲ್ಲುಗಳ ನಡುವೆ ಹೋಗದಷ್ಟು ಬಾಯಿ ಬಿಗಿದಿದ್ದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ತಡಮಾಡಬೇಡಿ. ಜಿಲ್ಲೆಯಲ್ಲಿ ಇವೆಲ್ಲ ಒಂದೇ ಕಡೆ ಸಿಗುವುದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ.

ನೀವು ಐದನೇ ಕ್ಲಾಸಿನಲ್ಲಿದ್ದಾಗಲೂ ಹೀಗೇ ಇದ್ದರೆಂದು ನೆನಪಾದರೆ ಅದು ಸ್ವಭಾವ. ಅದಕ್ಕೆ ಮಾತ್ರೆ ಇಲ್ಲ. ಅಮ್ಮನ ಅಕ್ಕ-ತಂಗಿಯರನ್ನು, ಹಳೆಯ ಕೆಲಸದವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ‘ಅವ್ರು ಮೊದ್ಲಿಂದ್ಲೂ ಹಾಂಗೇ’ ಎಂದು ಇಬ್ಬರು ಹೇಳಿದರೆ ಸಾಕು.

ಹಣದ ಲೆಕ್ಕ

ಅಪ್ಪಂದಿರು ಬಚ್ಚಿಡುವುದರಲ್ಲಿ ಮೊದಲನೆಯದು ಸಾಲ. ಕಾರಣ ಮೋಸವಲ್ಲ, ಹೆಚ್ಚಿನ ಕಡೆ ನಾಚಿಕೆ. ಮಕ್ಕಳ ಓದು, ಮದುವೆ, ಕೊಳೆರೋಗ ಬಂದ ವರ್ಷ, ಎಲೆಚುಕ್ಕಿ ಬಂದ ವರ್ಷ ಎಂದು ಕೂಡುತ್ತಾ ಬಂದ ಮೊತ್ತವನ್ನು ಬಾಯಿಬಿಟ್ಟು ಹೇಳಲು ಅವರಿಗೆ ಆಗುವುದಿಲ್ಲ. ಆದ್ದರಿಂದ ‘ಸಾಲ ಎಷ್ಟಿದೆ?’ ಎಂದು ಕೇಳಬೇಡಿ, ಅದಕ್ಕೆ ಬರುವ ಉತ್ತರ ‘ಏನಿಲ್ಲ’. ‘ಅಪ್ಪಯ್ಯ, ಸೊಸೈಟಿ ಕಂತು ಯಾವ ತಿಂಗಳಿಗೆ ಬರುತ್ತೆ? ಈ ಸಲ ನಾನೇ ಹೋಗಿ ಕಟ್ಟಿ ಬರ್ತೀನಿ’ ಎಂದು ಕೇಳಿ. ಕೆಲಸ ಕೇಳಿದರೆ ಕಾಗದ ಕೈಗೆ ಬರುತ್ತದೆ.

ನೋಡಬೇಕಾದ ಕಡೆ ಐದು.

ಸೊಸೈಟಿ ಮೊದಲು. ಬೆಳೆಸಾಲಕ್ಕೆ 5 ಲಕ್ಷದ ತನಕ ಬಡ್ಡಿಯಿಲ್ಲ ಎನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ದಿನ ತಪ್ಪಿದರೆ ಬಡ್ಡಿ ಬೀಳುತ್ತದೆ. ಕೈಯಲ್ಲಿ ಹಣವಿಲ್ಲದವರು ಗಡುವಿನ ಹೊತ್ತಿಗೆ ಬೇರೆಯವರಿಂದ ನಾಲ್ಕು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟಿ, ಹೊಸ ಸಾಲ ಎತ್ತಿ ತೀರಿಸುತ್ತಾರೆ. ಆ ನಾಲ್ಕು ದಿನಕ್ಕೆ ಕೊಡುವ ಬಡ್ಡಿ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಬಾಯಿಬಿಟ್ಟೇ ಕೇಳಿ ತಿಳಿಯಬೇಕು.

ಎರಡನೆಯದು ಮಂಡಿ. ಬೆಳೆ ಬರುವ ಮೊದಲೇ ಮುಂಗಡ ತಂದು, ಅಡಿಕೆ ಹಾಕಿದಾಗ ಮುರಿದುಕೊಳ್ಳುವುದು ನಡೆದುಬಂದ ಪದ್ಧತಿ. ಕಳೆದ ಮೂರು ವರ್ಷದ ಮಾರಾಟದ ಬಿಲ್ಲು ತೆಗೆಸಿ, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳು ಎಷ್ಟೆಷ್ಟು ಹೋದವು, ಮುಂಗಡ ಎಷ್ಟು ಮುರಿಯಿತು, ಬಡ್ಡಿ ಎಷ್ಟು, ಉಳಿಕೆ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟಿದ್ದರೆ ಕ್ವಿಂಟಾಲ್ ಹಸಿ ಅಡಿಕೆಗೆ ಎಷ್ಟು ಕೆಜಿ ಒಣ ಅಡಿಕೆಯೆಂದು ಮಾತಾಗಿದೆ, ಮುಂಗಡ ಎಷ್ಟು ಬಂದಿದೆ ಎಂದು ಕೇಳಿ. ಬಾಯಿಮಾತಿನ ಚೇಣಿಯಲ್ಲಿ ಎಷ್ಟು ವರ್ಷಕ್ಕೆಂಬುದೇ ಗೊಂದಲವಾಗಿರುತ್ತದೆ.

ಪಹಣಿ ಮೂರನೆಯದು. ಒಂಬತ್ತನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ನೋಡಿ. ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ, ಎಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಬೇಕು. ಹನ್ನೊಂದನೇ ಕಾಲಮ್ಮಿನಲ್ಲಿ ಋಣಗಳಿರುತ್ತವೆ. ಎಂದೋ ತೀರಿಸಿದ ಸಾಲವೂ ಅಲ್ಲೇ ಉಳಿದಿರಬಹುದು, ಸಾಲ ತೀರಿದ ತೀರುವಳಿ ಪತ್ರ ಕೊಟ್ಟು ತೆಗೆಸಿ. ನಾಲ್ಕನೆಯದಾಗಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ. ನೋಂದಣಿಯಾದ ಕ್ರಯ, ಅಡಮಾನ, ವಿಭಾಗ ಇದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16.

ಕೊನೆಯದು ಅಮ್ಮನ ಬಂಗಾರ. ಅಡವಿಟ್ಟ ರಸೀದಿ ಕಪಾಟಿನ ಕಾಗದದಡಿ ಇರುತ್ತದೆ. ಯಾರ ಹೆಸರಲ್ಲಿ ಇಟ್ಟಿದ್ದಾರೆ, ಗಡುವು ಯಾವಾಗ ನೋಡಿ. ಹರಾಜಿನ ನೋಟಿಸು ಬಂದಿದ್ದರೆ ಉಳಿದ ಎಲ್ಲ ಸಾಲಕ್ಕಿಂತ ಮೊದಲು ಅದನ್ನು ಬಿಡಿಸಿ. ತವರಿನಿಂದ ತಂದ ಬಂಗಾರ ಸ್ತ್ರೀಧನ, ಅದು ಅವಳದು. ಅವಳನ್ನು ಕೇಳದೆ ಇಟ್ಟಿದ್ದರೆ, ಮನೆ ಖರ್ಚಿಗೇ ಇಟ್ಟಿದ್ದೆಂದು ಹೇಳಿದರೂ ಅದು ತಪ್ಪೇ.

ಮೊತ್ತ ಗೊತ್ತಾದ ದಿನ ಬೈಯಬೇಡಿ, ಬೆಂಗಳೂರಿನ ಸಂಬಳದಿಂದ ಒಮ್ಮೆಲೇ ತೀರಿಸಿಬಿಡುತ್ತೇನೆಂದೂ ಹೇಳಬೇಡಿ. ತೀರಿಸಿದ ಮರುವರ್ಷ ಅಷ್ಟೇ ಸಾಲ ಮತ್ತೆ ಎದ್ದಿರುತ್ತದೆ, ಏಕೆಂದರೆ ಸಾಲವಾದ ಕಾರಣ ಹಾಗೇ ಇದೆ. ಮೊದಲು ಹೆಚ್ಚು ಬಡ್ಡಿಯ ಕೈಸಾಲ, ಆಮೇಲೆ ಬಂಗಾರ, ಆಮೇಲೆ ಮಂಡಿ, ಕೊನೆಗೆ ಸೊಸೈಟಿ ಎಂದು ಸಾಲು ಹಚ್ಚಿ, ಮುಂದಿನ ಬೆಳೆಯ ಮೊದಲ ಬಿಲ್ಲಿನಿಂದ ಶುರುಮಾಡಿ. ಲೆಕ್ಕದ ಪುಸ್ತಕ ಅಪ್ಪನ ಕೈಯಲ್ಲೇ ಇರಲಿ, ಬರೆಯುವುದು ಅಮ್ಮನೋ ನೀವೋ ಆಗಲಿ. ಪುಸ್ತಕವನ್ನೇ ಕಿತ್ತುಕೊಂಡರೆ ಮುಂದಿನ ಸಾಲ ನಿಮಗೆ ಗೊತ್ತಾಗುವುದಿಲ್ಲ.

ತಂಗಿಯ ಪಾಲು

ಗಂಡುಮಕ್ಕಳು ಊರಿಗೆ ಬಂದು ಅಪ್ಪನ ಸಿಟ್ಟು, ಜಿಪುಣತನ, ಹಟ ಎಲ್ಲವನ್ನೂ ಪಟ್ಟಿ ಮಾಡುತ್ತಾರೆ. ‘ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟಾಯ್ತಲ್ಲ’ ಎಂಬ ಮಾತು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ, ಏಕೆಂದರೆ ಆ ತಪ್ಪಿನ ಫಲ ಇವರ ಖಾತೆಗೇ ಬರುತ್ತದೆ. ಅಪ್ಪನ ಬಗ್ಗೆ ಬೇರೆ ಯಾವ ಮಾತನ್ನೂ ಎತ್ತುವ ಮೊದಲು ಇದನ್ನು ನೋಡಿಕೊಳ್ಳಿ. ಇದನ್ನು ಬಿಟ್ಟು ಬೇರೆಯದನ್ನು ಹಿಡಿದವರ ನ್ಯಾಯದಲ್ಲಿ ಹುರುಳಿಲ್ಲ, ಅದು ಅಪ್ಪನಿಗೂ ಗೊತ್ತಿರುತ್ತದೆ.

ಕಾನೂನು ಸ್ಪಷ್ಟವಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಮದುವೆಯಾಗಿದ್ದರೂ ಅಷ್ಟೇ. ಆ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲೇಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಅದು ಹಾಗೇ ಉಳಿಯುತ್ತದೆ. ಅಪ್ಪ ತಾವೇ ದುಡಿದು ಕೊಂಡ ಜಾಗವನ್ನು ವಿಲ್ ಮಾಡಿ ಯಾರಿಗೆ ಬೇಕಾದರೂ ಕೊಡಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಬದುಕಿದ್ದರೆ ಅವರೂ, ಸಮಪಾಲಿನವರು. ಅಜ್ಜಿಯ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿ ಆಮೇಲೆ ತೊಡಕಿಗೆ ಬಿದ್ದ ಮನೆಗಳಿವೆ.

ಮಾಡಬೇಕಾದದ್ದು ಹೀಗೆ. ತಂಗಿಯ ಸಹಿ ತೆಗೆದುಕೊಂಡ ಹಕ್ಕು ಬಿಡುಗಡೆ ಪತ್ರ ಈಗಾಗಲೇ ಇದೆಯೇ ನೋಡಿ. ಸಹಿ ಮಾಡಿದಾಗ ಅದರಲ್ಲೇನಿದೆ ಎಂದು ಅವಳಿಗೆ ಓದಿ ಹೇಳಿದ್ದರೇ, ದುಡ್ಡು ಕೊಟ್ಟಿದ್ದರೇ, ಅವಳನ್ನೇ ಕೇಳಿ. ಅವಳ ಗಂಡನನ್ನು ಕೇಳುವುದು ಬೇಡ. ಹೊಸದಾಗಿ ಸಹಿ ಕೇಳುವ ಮಾತಿದ್ದರೆ ‘ಎಲ್ಲರೂ ಮಾಡ್ತಾರೆ’ ಎಂದು ಒಪ್ಪಬೇಡಿ. ಅವಳು ತನ್ನದೇ ವಕೀಲರಿಗೆ ತೋರಿಸಲಿ. ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ, ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ಒಂದು ಸರ್ವೆ ನಂಬರಿನಲ್ಲಿ ಭಾಗ ಮಾಡುವುದಾದರೆ ನೋಂದಣಿಗೆ ಮೊದಲು ಸರ್ವೆ ಇಲಾಖೆ ಅಳೆದು ಕೊಡುವ 11-ಇ ನಕ್ಷೆ ಬೇಕು. ಸರ್ವೆಯವರು ಬಂದಾಗ ತಂಗಿಯೂ ಸ್ಥಳದಲ್ಲಿರಲಿ, ನೀರಿನ ದಾರಿ ಯಾವ ಪಾಲಿಗೆ ಹೋಯಿತೆಂಬುದು ನಕ್ಷೆಯಲ್ಲಿ ಕಾಣದು. ಸೊಪ್ಪಿನ ಬೆಟ್ಟವನ್ನು ಪಾಲಿನ ಎಕರೆಗೆ ಸೇರಿಸಿ ಲೆಕ್ಕ ಹೇಳಿದರೆ ಒಪ್ಪಬೇಡಿ. ಅದು ತೋಟಕ್ಕೆ ಸೊಪ್ಪು-ದರಕು (ಒಣ ಎಲೆ) ತರಲು ಬಿಟ್ಟ ಜಾಗ, ಮಾಲೀಕತ್ವದ ಜಮೀನಲ್ಲ. ಗೇಣಿಯಿಂದ ಬಂದ ಜಮೀನು, ಬಗರ್‌ಹುಕುಂ ಮಂಜೂರಿ ಇವುಗಳ ಷರತ್ತು ಬೇರೆ ಬೇರೆ, ಮಂಜೂರಾತಿ ಪತ್ರ ಹಿಡಿದು ವಕೀಲರನ್ನೇ ಕೇಳಬೇಕು.

ಅಪ್ಪನಿಗೆ ಹೇಳುವ ಮಾತು ಚಿಕ್ಕದಾಗಿರಲಿ: ‘ಅಪ್ಪಯ್ಯ, ಅವಳ ಪಾಲು ನಂಗೆ ಬೇಡ. ನೀವಿದ್ದಾಗ್ಲೇ ಬರೆಸಿಬಿಡಿ.’ ಇದನ್ನು ಹೇಳಿದ ಮೇಲೆ ಬೇರೆ ವಿಷಯದಲ್ಲಿ ನೀವಾಡುವ ಮಾತಿಗೆ ತೂಕ ಬರುತ್ತದೆ. ಇದನ್ನು ಓದುತ್ತಿರುವವರು ಮಗಳಾದರೆ, ಪಾಲು ಕೇಳುವುದಕ್ಕೂ ತವರಿನ ಪ್ರೀತಿಗೂ ಗಂಟು ಹಾಕುವವರ ಮಾತಿಗೆ ಸೋಲಬೇಡಿ.

ಇನ್ನು ಅಪ್ಪ-ಅಮ್ಮ ಎಲ್ಲವನ್ನೂ ನಿಮ್ಮ ಹೆಸರಿಗೆ ದಾನಪತ್ರ ಮಾಡಲು ಹೊರಟಿದ್ದರೆ, ಕೊನೆತನಕ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯವರ ಮುಂದೆ ಹೋಗಬಹುದು. ಆ ದಾರಿ ಅವರಿಗೆ ತೆರೆದೇ ಇರಲಿ.

ಅಮ್ಮ

ಅಪ್ಪನ ತಪ್ಪು ಹುಡುಕುವ ಭರದಲ್ಲಿ ಅಮ್ಮನನ್ನು ದೇವರ ಕೋಣೆಯಲ್ಲಿ ಕೂರಿಸುವುದೂ ತಪ್ಪೇ. ಸೊಸೆಯ ಅಡುಗೆಯನ್ನು ನೆರೆಮನೆಯಲ್ಲಿ ಹೇಳಿಕೊಂಡು ಬರುವುದು, ಒಬ್ಬ ಮಗನ ಮಾತನ್ನು ಇನ್ನೊಬ್ಬನಿಗೆ ಬಣ್ಣ ಹಚ್ಚಿ ದಾಟಿಸುವುದು, ಮುಟ್ಟಾದವರನ್ನು ಹಿಂದಿನ ಕೋಣೆಯ ಚಾಪೆಯ ಮೇಲೆ ಮಲಗಿಸುವುದು ಅವಳ ಕಡೆಯಿಂದಲೂ ಬರುತ್ತದೆ. ಆಗ ಹೇಳಬೇಕಾದವರು ಅವಳ ಹೊಟ್ಟೆಯಲ್ಲಿ ಹುಟ್ಟಿದವರು, ಸೊಸೆಯೂ ಅಳಿಯನೂ ಅಲ್ಲ. ಸೊಸೆಯ ಬಾಯಲ್ಲಿ ಬಂದ ನ್ಯಾಯದ ಮಾತೂ ಜಗಳವೆಂದೇ ಎಣಿಕೆಯಾಗುತ್ತದೆ. ‘ಅಮ್ಮ, ಅವಳು ಮಂಚದ ಮೇಲೇ ಮಲಗ್ತಾಳೆ’ ಎಂದು ಮಗನೇ ಹೇಳಿ, ಹಾಸಿಗೆಯನ್ನೂ ತಾನೇ ಹಾಸಲಿ.

ಅಪ್ಪನ ಬಗ್ಗೆ ಅಮ್ಮ ಗುಟ್ಟಾಗಿ ಹೇಳಿದ್ದನ್ನು ಅವಳ ಹೆಸರು ಹಿಡಿದು ಅಪ್ಪನ ಮುಂದೆ ಆಡಬೇಡಿ. ನೀವು ಬಸ್ಸು ಹತ್ತಿದ ಮೇಲೆ ಅದರ ಫಲ ಉಣ್ಣುವವಳು ಅವಳು. ಅವಳ ಪರವಾಗಿ ಏನು ಮಾಡುವ ಮೊದಲೂ ‘ನಿಂಗೆ ಏನಾಗ್ಬೇಕು?’ ಎಂದು ಕೇಳಿ. ಎಷ್ಟೋ ಸಲ ಉತ್ತರ ಬಹಳ ಸಣ್ಣದಿರುತ್ತದೆ: ಅವಳ ಹೆಸರಲ್ಲೊಂದು ಬ್ಯಾಂಕ್ ಖಾತೆ, ತವರಿಗೆ ನಾಲ್ಕು ದಿನ, ರುಬ್ಬುವ ಕೆಲಸಕ್ಕೆ ಒಂದು ಜನ. ಅದನ್ನು ಮಾಡಿ. ನಮ್ಮ ಜತೆ ಬಂದುಬಿಡು ಎಂದು ಎಳೆಯುವುದು ಅವಳು ಕೇಳಿದ್ದಲ್ಲ.

ಜಗಲಿಯ ಲೋಟ

ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ, ಗೊಬ್ಬರ ಹೊರುವವರಿಗೆ ಕಟ್ಟೆಯ ಸಂದಿಯಲ್ಲಿ ಬೇರೆ ಲೋಟ ಇಟ್ಟಿರುವ ಮನೆ ನಿಮ್ಮದಾಗಿದ್ದರೆ ಅದು ಅಪರಾಧ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಎಂದೋ ತೆಗೆದುಹಾಕಿದೆ. ಇದರಲ್ಲಿ ಹಿರಿಯರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಆ ಲೋಟ ತೆಗೆಯಿರಿ, ಮನೆಯವರು ಕುಡಿಯುವ ಲೋಟಗಳಲ್ಲೇ ಎಲ್ಲರಿಗೂ ಚಹಾ ತಂದುಕೊಡಿ, ಜತೆಗೆ ಕೂತು ಕುಡಿಯಿರಿ, ತೊಳೆಯುವುದೂ ನಿಮ್ಮ ಕೈಯಲ್ಲೇ ಆಗಲಿ. ಅಮ್ಮನ ಮೇಲೆ ಹಾಕಿದರೆ ನೀವು ಹೋದ ಮರುದಿನ ಹಳೆಯ ಲೋಟ ವಾಪಸ್ಸು ಬರುತ್ತದೆ. ಕೂಲಿ ಬಾಕಿ ಇದೆಯೇ ಎಂದು ಕೆಲಸದವರನ್ನೇ ಕೇಳಿ. ಮರದಿಂದ ಬಿದ್ದವರಿಗೆ ಆಸ್ಪತ್ರೆ ಖರ್ಚು ಕೊಡದೆ ಬಿಟ್ಟಿದ್ದರೆ ಅದನ್ನು ಮನೆಯ ಸಾಲದ ಪಟ್ಟಿಗೇ ಸೇರಿಸಿ, ಕೈಸಾಲಕ್ಕಿಂತ ಮೇಲೆ. ಪಕ್ಕದವರ ಕಡೆಗೆ ಅಗಳ (ಗಡಿಯ ಕಂದಕ) ಒತ್ತಿದ್ದಾರೆಂಬ ಮಾತಿದ್ದರೆ ಹದ್ದುಬಸ್ತಿಗೆ, ಎಂದರೆ ಗಡಿ ಗುರುತಿಸಲು, ಅರ್ಜಿ ಕೊಟ್ಟು ಅಳೆಸಿ.

ಕುಡಿತ, ಹೊಡೆತ

ದಿನಾ ಕುಡಿಯುವವರನ್ನು ‘ಇವತ್ತಿಂದ ಬಿಡಿ’ ಎಂದು ಕೋಣೆಯಲ್ಲಿ ಕೂರಿಸುವುದು ಅಪಾಯ. ನಿಲ್ಲಿಸಿದ ಮೊದಲ ದಿನ ನಡುಕ, ಬೆವರು ಶುರುವಾಗುತ್ತದೆ, ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನದಲ್ಲಿ, ಎರಡು-ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಕೂಗಾಡುವುದು ಬರಬಹುದು. ಪ್ರಾಣವೂ ಹೋಗಬಹುದು. ಮೊದಲು ಮನೋವೈದ್ಯರಿಗೆ ತೋರಿಸಿ, ಮಾತ್ರೆಯ ಆಸರೆಯಲ್ಲಿ ಬಿಡಿಸಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೊಡೆತಕ್ಕೆ ಈ ಬರಹದ ನಿಧಾನ ಯಾವುದೂ ಅನ್ವಯಿಸುವುದಿಲ್ಲ. ಆ ಕ್ಷಣಕ್ಕೆ 112, ಮಹಿಳಾ ಸಹಾಯವಾಣಿ 181. ಎಪ್ಪತ್ತು ವರ್ಷದ ಅಮ್ಮನೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ ಕೇಳಬಹುದು, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿ. ಅರ್ಜಿ ಕೊಟ್ಟರೆ ಮನೆ ಬಿಡಬೇಕೆಂದಿಲ್ಲ, ಆ ಮನೆಯಲ್ಲೇ ಇರುವ ಹಕ್ಕು ಅವಳಿಗಿದೆ. ಹಣ ಕೊಡದೆ ಕಾಡುವುದನ್ನೂ ಈ ಕಾಯ್ದೆ ದೌರ್ಜನ್ಯವೆಂದೇ ಎಣಿಸುತ್ತದೆ.

ಮಾತು ತೆಗೆಯುವುದು

ಎದುರುಬದುರು ಕೂತು ‘ಸ್ವಲ್ಪ ಮಾತಾಡೋದಿತ್ತು’ ಎಂದರೆ ಅಪ್ಪ ಅರ್ಧ ಎದ್ದಂತೆಯೇ. ಪಕ್ಕಪಕ್ಕ ಕೆಲಸ ಮಾಡುವಾಗ ತೆಗೆಯಿರಿ: ಅಂಗಳದಲ್ಲಿ ಒಣಗಿದ ಅಡಿಕೆ ಆರಿಸುವಾಗ, ಕಾಳುಮೆಣಸು ಬಿಡಿಸುವಾಗ, ಬಸಿಗಾಲುವೆಯ ಬದಿಯಲ್ಲಿ ನಡೆಯುವಾಗ. ಕಣ್ಣು ಕೆಲಸದ ಮೇಲಿದ್ದರೆ ಮಾತು ಹೊರಡುವುದು ಸುಲಭ. ಒಂದು ಸಲಕ್ಕೆ ಒಂದೇ ವಿಷಯ, ಕಾಲು ಗಂಟೆ ಸಾಕು. ‘ನೀವು ಯಾವಾಗ್ಲೂ’ ಎಂದು ಶುರುವಾದ ವಾಕ್ಯ ನಲವತ್ತು ವರ್ಷದ ಜಗಳವನ್ನೆಲ್ಲ ಎಳೆದು ತರುತ್ತದೆ. ‘ನಿನ್ನೆ ಅಮ್ಮ ಉಣ್ಣದೆ ಎದ್ದಳು. ನಂಗೆ ಸರಿ ಕಾಣ್ಲಿಲ್ಲ ಅಪ್ಪಯ್ಯ’ ಎಂದರೆ ಉತ್ತರ ಕೊಡಬೇಕಾದದ್ದು ನಿನ್ನೆಗೆ ಮಾತ್ರ.

ಅವರು ಎದ್ದು ತೋಟಕ್ಕೆ ಹೋದರೆ ಹಿಂದೆ ಹೋಗಬೇಡಿ. ಅದೇ ದಿನ ಸಂಜೆ ಮತ್ತೆ ತೆಗೆಯಬೇಡಿ, ಎರಡು ದಿನ ಬಿಡಿ. ಆ ಎರಡು ದಿನದಲ್ಲಿ ಅವರು ಏನು ಮಾಡುತ್ತಾರೆ ನೋಡಿ. ‘ತಪ್ಪಾಯ್ತು’ ಎಂಬ ಮಾತು ಬರಲಿಕ್ಕಿಲ್ಲ. ತಟ್ಟೆ ತಳ್ಳದೆ ಉಂಡರೆ, ಸೊಸೈಟಿ ಪಾಸ್‌ಪುಸ್ತಕ ಟೇಬಲ್ಲಿನ ಮೇಲೆ ಇಟ್ಟು ಹೋದರೆ ಮಾತು ತಲುಪಿದೆ, ಬಾಯಲ್ಲಿ ಹೇಳಿಸಲು ಹಟ ಹಿಡಿಯಬೇಡಿ.

ಕೆಡುವುದು ಹೆಚ್ಚಾಗಿ ಇಂಥ ಕಡೆ: ಚಿಕ್ಕಪ್ಪನನ್ನೋ ಊರ ಹಿರಿಯರನ್ನೋ ಮೊದಲೇ ಕರೆದು ಪಂಚಾಯ್ತಿ ಮಾಡಿಸುವುದು, ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು, ಮೊಮ್ಮಕ್ಕಳ ಮುಂದೆ ಏರುದನಿ ಮಾಡುವುದು, ನಿಮ್ಮ ಹೆಂಡತಿಯದೋ ಗಂಡನದೋ ಮಾತೆಂದು ಹೇಳಿ ನೀವು ಹಿಂದೆ ನಿಲ್ಲುವುದು.

ತಪ್ಪಿನ ಹಿಂದಿನ ಕಾರಣ ತಿಳಿದುಕೊಳ್ಳಿ, ಆದರೆ ಅದನ್ನೇ ಕ್ಷಮೆಯ ಚೀಟಿ ಮಾಡಬೇಡಿ. ಕಾಗದ ಬಚ್ಚಿಡುವ, ಯಾರನ್ನೂ ನಂಬದ ಅಪ್ಪಂದಿರ ಮನೆಯ ಚರಿತ್ರೆ ಕೇಳಿದರೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು, ಕಾಡಿನಲ್ಲಿ ಕೊಟ್ಟ ಜಾಗಕ್ಕೆ ಹಕ್ಕುಪತ್ರಕ್ಕಾಗಿ ಅಲೆದ ಕಥೆ ಇರಬಹುದು. 1974ರ ಭೂಸುಧಾರಣೆಯಲ್ಲಿ ಜಮೀನು ಹೋದ ಮನೆಯಿರಬಹುದು, ಗೇಣಿದಾರರ ಅರ್ಜಿಯಾದ ನಮೂನೆ 7 ಕೊಟ್ಟು ಗೇಣಿ ಜಮೀನು ಉಳಿಸಿಕೊಳ್ಳಲು ಕಚೇರಿಯ ಮೆಟ್ಟಿಲು ಸವೆಸಿದ ಮನೆಯೂ ಇರಬಹುದು. ಇದು ಗೊತ್ತಿದ್ದವರು ‘ಫೈಲ್ ಕೊಡಿ’ ಎಂದು ಕೈಚಾಚುವುದಿಲ್ಲ. ಜತೆಗೆ ಕೂತು, ಮೂಲಪತ್ರ ಅವರ ಕೈಯಲ್ಲೇ ಬಿಟ್ಟು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಕೊಂಡು ಮತ್ತೆ ಅದೇ ಟ್ರಂಕಿನಲ್ಲಿ ಇಡಿಸುತ್ತಾರೆ. ಆದರೆ ಮುಳುಗಡೆಯ ನೋವು ಅಮ್ಮನ ತಟ್ಟೆ ತಳ್ಳಲು ಕಾರಣವಾಗದು. ಅದೇ ನೋವು ಉಂಡ ಅವಳು ಯಾರ ತಟ್ಟೆಯನ್ನೂ ತಳ್ಳಿಲ್ಲ.

ಹೊರಟ ಮೇಲೆ

ಹೊರಡುವ ಮೊದಲು ಮಾಡಿದ್ದನ್ನು, ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ: ಸೊಸೈಟಿಯ ಗಡುವು, ಬಂಗಾರ ಬಿಡಿಸುವ ದಿನ, ಬಿ12 ಸೂಜಿಯ ದಿನ, ಪೌತಿ ಖಾತೆಯ ಅರ್ಜಿ ಸಂಖ್ಯೆ. ಮಾತ್ರೆಗೆ ವಾರದ ಡಬ್ಬಿ ತುಂಬಿಡಿ. ಅಮ್ಮನಿಗೆ ಅವಳದೇ ಫೋನು, ಅವಳದೇ ನಂಬರು ಇರಲಿ. ನೆರೆಯಲ್ಲಿ ರಾತ್ರಿ ಕರೆದರೂ ಬರುವ ಒಂದು ಮನೆಯವರಿಗೆ ನಿಮ್ಮ ನಂಬರು ಕೊಡಿ, ಹಿರಿಯರ ಸಹಾಯವಾಣಿ 14567ನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಅಪ್ಪನಿಗೆ, ಅಮ್ಮನಿಗೆ ಬೇರೆ ಬೇರೆ ಹೊತ್ತಿಗೆ ಫೋನ್ ಮಾಡಿ. ಸ್ಪೀಕರಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ ಕೇಳಿಸುವುದು ಅಪ್ಪ ಒಬ್ಬರೇ.

ಇಷ್ಟೆಲ್ಲ ಮಾಡಿಯೂ ಒಂದಷ್ಟು ಹಾಗೇ ಉಳಿಯುತ್ತದೆ. ಎಪ್ಪತ್ತೈದಾದ ಮೇಲೆ ಮಾತಿನ ಬಿರುಸು, ಹೊಗಳಲು ಬಾರದ ಬಾಯಿ, ಪಕ್ಕದ ಮನೆ ಮಗನ ಜತೆ ಹೋಲಿಕೆ ಇವು ಹೋಗುವಂಥವಲ್ಲ. ಯಾರಿಗೂ ಇವತ್ತು ಪೆಟ್ಟು ಬೀಳದಿದ್ದರೆ ಅವನ್ನು ಬಿಟ್ಟುಬಿಡಿ. ಚಿಕ್ಕಂದಿನ ಪೆಟ್ಟು ಈಗಲೂ ನೋಯುತ್ತಿದ್ದು, ಆ ಮನೆಯಲ್ಲಿ ನಾಲ್ಕು ದಿನ ಕಳೆದರೆ ನಿದ್ದೆ, ಊಟ ಕೆಡುತ್ತಿದ್ದರೆ ಭೇಟಿಯನ್ನು ಎರಡು ದಿನಕ್ಕೆ ಇಳಿಸಿ, ರಾತ್ರಿ ತಂಗಲು ಪೇಟೆಯಲ್ಲಿ ಕೋಣೆ ಹಿಡಿಯಿರಿ, ಔಷಧಿ ಮತ್ತು ಖರ್ಚಿನ ಹಣ ತಿಂಗಳ ಮೊದಲ ವಾರ ಅಮ್ಮನ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಆಪ್ತ ಸಲಹೆಗೆ 14416 ನಿಮಗೂ ಇದೆ.